ಎದುರುಮನೆ ಬಾತ್‌ರೂಮಿನ ಕ್ಯೂ

“ಲೋ ಆಮೆ! ಒಳಗೇ ಮನೆ ಮಾಡ್ಕೊಂಡ್ಬಿಟ್ಯೇನೋ? ಬೇಗ ಬಾರೋ!”

ಮೆಣಸಿ ಸೋಪಿನ ಡಬ್ಬಿಯಿಂದ ಬಾತ್‌ರೂಮಿನ ಬಾಗಿಲನ್ನು ದಬದಬ ಬಡಿದಳು. ಹೆಗಲ ಮೇಲೆ ಟವೆಲ್ ಇತ್ತು, ಬಾಯಲ್ಲಿ ಬ್ರಷ್ ಇತ್ತು. ಕಾಲು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಎಂದು ಕುಣಿಯುತ್ತಿತ್ತು.

“ಬಂ…ದೆ,” ಎಂದಿತು ಒಳಗಿನ ಧ್ವನಿ. ಅಷ್ಟು ಚಿಕ್ಕ ಮಾತನ್ನು ಅಷ್ಟು ಉದ್ದ ಹೇಳಲು ಅವನೊಬ್ಬನಿಗೇ ಸಾಧ್ಯ.

ಈ ಬಾತ್‌ರೂಮು ಮೆಣಸಿಯ ಮನೆಯದಲ್ಲ, ಎದುರುಮನೆಯದು. ಒಳಗಿದ್ದವನು ಅವಳದೇ ಕ್ಲಾಸಿನ ಹುಡುಗ. ಕ್ಲಾಸಿನಲ್ಲಿ ಎಲ್ಲರೂ ಪಾಠ ಬರೆದು ಮುಗಿಸಿದಾಗ ಅವನು ತಾರೀಖು ಬರೆದು ಅದರ ಕೆಳಗೆ ಗೆರೆ ಎಳೆಯುತ್ತಿರುತ್ತಾನೆ. ಅವನಿಗೆ ಆಮೆ ಅಂತ ಹೆಸರಿಟ್ಟವಳು ಮೆಣಸಿ. ಹೆಸರು ಎಷ್ಟು ಹಿಟ್ ಆಯಿತೆಂದರೆ, ಈಗ ಕ್ಲಾಸಿನಲ್ಲಿ ಅವನ ನಿಜವಾದ ಹೆಸರು ಹಾಜರಿ ಕರೆಯುವಾಗ ಬಿಟ್ಟರೆ ಕೇಳಿಸುವುದೇ ಇಲ್ಲ. ಮೆಣಸಿಗೆ ಮೆಣಸಿ ಅಂತ ಹೆಸರಿಟ್ಟವಳು ಅಜ್ಜಿ. ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಆಮೆ ಅಂತ ಹೆಸರಿಡುವಾಗ, ಒಂದು ದಿನ ಆ ಆಮೆಯ ಬಾಗಿಲಲ್ಲೇ ಒಂಟಿಕಾಲಲ್ಲಿ ತಪಸ್ಸು ಮಾಡಬೇಕಾಗುತ್ತದೆ ಅಂತ ಅವಳು ಕನಸಲ್ಲೂ ಎಣಿಸಿರಲಿಲ್ಲ.

ಇದಕ್ಕೆಲ್ಲ ಕಾರಣ ಅಪ್ಪ ಮತ್ತು ಅವನ ಪ್ಲಾನು.

ಅವರ ಮನೆಯಲ್ಲಿದ್ದುದು ಒಂದೇ ಬಾತ್‌ರೂಮು. ಹಳೆಯದು, ಆದರೆ ಪಾಪ, ಕೆಲಸ ಮಾಡುತ್ತಿತ್ತು. ಅದನ್ನು ಹೊಸದು ಮಾಡುತ್ತೇನೆ ಎಂದು ಅಪ್ಪ ಸೀಮೆಸುಣ್ಣ ಹಿಡಿದು ಹಾಲ್‌ನ ನೆಲದ ಮೇಲೆ ಬಾತ್‌ರೂಮಿನಷ್ಟೇ ದೊಡ್ಡ ಚಿತ್ರ ಬರೆದ. ಇಲ್ಲಿ ಕಮೋಡು, ಇಲ್ಲಿ ಶವರ್, ಇಲ್ಲಿ ಸೋಪು. ಮನೆಯವರೆಲ್ಲ ಒಬ್ಬೊಬ್ಬರಾಗಿ ಆ ಗೆರೆಗಳೊಳಗೆ ನಿಂತು ಸುಳ್ಳುಸುಳ್ಳೇ ಸ್ನಾನ ಮಾಡಬೇಕಾಯಿತು. ಕಮೋಡಿನ ಜಾಗದಲ್ಲಿ ಸ್ಟೂಲ್ ಇಟ್ಟು ಅಜ್ಜಿಯನ್ನು ಕೂರಿಸಿ, “ಆರಾಮಾಗಿದ್ಯಾ ಅಮ್ಮಾ?” ಎಂದು ಕೇಳಿದ.

“ಇಲ್ಲೇ ಕೂತು ಟಿವಿನೂ ನೋಡ್ಬೋದು ಕಣೋ,” ಎಂದಿದ್ದಳು ಅಜ್ಜಿ.

ಸೋಪಿಗೆ ಜಾಗ ಬರೆದ, ಶಾಂಪೂಗೆ ಜಾಗ ಬರೆದ, ಟವೆಲ್ಲಿಗೂ ಬರೆದ. ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂದು ಬರೆಯುವುದೊಂದನ್ನು ಮರೆತ.

ಹೊಸ ಕಮೋಡು ಕೂರಿಸಿದ ದಿನ ಅಪ್ಪ ಹೆಮ್ಮೆಯಿಂದ ಬಾಗಿಲು ತಳ್ಳಿದ. ಟಣ್! ಬಾಗಿಲು ಕಮೋಡಿಗೆ ಬಡಿದು ಅಲ್ಲೇ ನಿಂತಿತು. ಅಡ್ಡಡ್ಡ ತೂರಿಕೊಂಡರೆ ಮೆಣಸಿ ಒಳಗೆ ಹೋಗಬಹುದಿತ್ತು. ಅಪ್ಪ ತೂರಿಕೊಳ್ಳಲು ಹೋಗಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡ. ಅವನನ್ನು ಎಳೆದು ತೆಗೆಯಬೇಕಾಯಿತು.

ಕೊನೆಗೆ ಎಲ್ಲವನ್ನೂ ಕಿತ್ತರು. ಕಮೋಡನ್ನು ತಂದು ಹಾಲ್‌ನಲ್ಲಿ ಸೋಫಾದ ಪಕ್ಕ ಇಟ್ಟರು. ಪ್ಲಾಸ್ಟಿಕ್ ಹೊದ್ದು ಅದು ಮನೆಗೆ ಬಂದ ಹೊಸ ಅತಿಥಿಯ ಹಾಗೆ ಕೂತಿತು.

“ಟೈಲ್ಸ್‌ನವ್ರು ನೆಲ ಸರಿ ಮಾಡ್ಕೊಡ್ಲಿ ಸರ್, ನಾನು ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಫಿಟ್ ಮಾಡ್ತೀನಿ,” ಎಂದ ಪ್ಲಂಬರ್.

“ಪ್ಲಂಬರ್ ಮೊದ್ಲು ಪೈಪ್ ಹಾಕ್ಲಿ ಸರ್, ಆಗ ನಾನು ನೆಲ ಹಾಕ್ತೀನಿ,” ಎಂದ ಟೈಲ್ಸ್‌ನವನು.

ಇಬ್ಬರೂ ಬಹಳ ಮರ್ಯಾದಸ್ಥರು. ನೀವು ಮೊದಲು, ನೀವು ಮೊದಲು ಎಂದು ದಾರಿ ಬಿಟ್ಟುಕೊಡುತ್ತಾ ಇಬ್ಬರೂ ಬರಲೇ ಇಲ್ಲ. ಅಪ್ಪ ಮಾತ್ರ ದಿನಾ ಬೆಳಗ್ಗೆ ಹೊಸ ಹುರುಪಿನಿಂದ, “ಇನ್ನೆರಡೇ ದಿನ!” ಎನ್ನುತ್ತಿದ್ದ.

ಹೀಗಾಗಿ ಆಮೆಯ ಅಮ್ಮ, ಎದುರುಮನೆ ಆಂಟಿ, “ನಮ್ಮನೆ ನಿಮ್ಮನೆ ಬೇರೆನಾ? ಯಾವಾಗ ಬೇಕಾದ್ರೂ ಬನ್ನಿ,” ಎಂದರು. ಅವರು ಹೇಳಿದಷ್ಟಕ್ಕೆ ಇಡೀ ಮನೆ ಟವೆಲ್ ಹಿಡಿದು ಹೊರಟಿತು.

“ಆಮೇ! ಇನ್ನು ನಾನು ಬಾಗಿಲು ಮುರೀತೀನಿ ನೋಡು!” ಎಂದು ಕೂಗಿ ಮೆಣಸಿ ಮತ್ತೆ ಡಬ್ಬಿ ಎತ್ತಿದಳು.

“ಆಮೆ ಯಾರಮ್ಮ?”

ಅಡುಗೆಮನೆಯ ಬಾಗಿಲಲ್ಲಿ ಆಂಟಿ ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು.

ಟೀಚರಿಗೂ ಎದುರುತ್ತರ ಕೊಡುವ ಮೆಣಸಿ ಬಾಯಿ ತೆರೆದಳು. ಬಾಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಒದ್ದೆ ತಲೆಗೆ ನೀಟಾಗಿ ಬೈತಲೆ ತೆಗೆದುಕೊಂಡು ಅವನು ಹೊರಬಂದ. “ಅದು ನಮ್ಮ ಕ್ಲಾಸಲ್ಲಿ ಒಂದು ಆಟ ಅಮ್ಮಾ,” ಎಂದ. “ಔಟ್ ಆದವ್ರನ್ನ ಹಾಗೆ ಕರೀತೀವಿ.”

“ಏನೇನ್ ಆಟಾನೋ ನಿಮ್ದು!” ಎಂದು ನಗುತ್ತಾ ಆಂಟಿ ಒಳಗೆ ಹೋದರು.

“ಹೋಗು. ಬಿಸಿನೀರು ಇದೆ,” ಎಂದು ಅವನು ಬಾಗಿಲು ಬಿಟ್ಟುಕೊಟ್ಟ.

ಬೈದಿದ್ದರೆ ಮೆಣಸಿ ಎರಡರಷ್ಟು ಬೈಯುತ್ತಿದ್ದಳು. ಬಿಸಿನೀರು ಇದೆ ಅಂದವನಿಗೆ ಏನು ಹೇಳುವುದು? ಅವಳಿಗೆ ಎಲ್ಲಿಲ್ಲದ ನಾಚಿಕೆಯಾಯಿತು.

ಅಂದೇ ಅವಳು ತೀರ್ಮಾನ ಮಾಡಿದಳು. ಇನ್ನು ಸತ್ತರೂ ಆ ಮನೆಯ ಬಾತ್‌ರೂಮಿಗೆ ಕಾಲಿಡುವುದಿಲ್ಲ. ಅದಕ್ಕೊಂದು ಉಪಾಯವೂ ಹೊಳೆಯಿತು. ಮನೆಯಲ್ಲಿ ನೀರೇ ಕುಡಿಯದಿದ್ದರೆ ಬಾತ್‌ರೂಮೇ ಬೇಡ! ಮುಖ ತೊಳೆಯಲು ಅಡುಗೆಮನೆಯ ಸಿಂಕ್ ಇದೆ. ಮೈ ಒರೆಸಲು ಒದ್ದೆ ಬಟ್ಟೆ ಇದೆ. ಮಿಕ್ಕದ್ದಕ್ಕೆ ಸ್ಕೂಲಿದೆ. ಇಷ್ಟು ಜಾಣ ಉಪಾಯ ಅಪ್ಪನ ತಲೆಗೂ ಹೊಳೆದಿರಲಿಲ್ಲ.

ತುಟಿ ಒಡೆಯಿತು, ತಲೆ ನೋಯಿತು. ಆದರೇನಂತೆ, ಮಾನ ಉಳಿಯಿತಲ್ಲ! ಬೆಳಗ್ಗೆ ಎಲ್ಲರಿಗಿಂತ ಮೊದಲೇ ಸ್ಕೂಲಿಗೆ ಓಡುವ ಮಗಳನ್ನು ನೋಡಿ, “ಎಷ್ಟು ಶಿಸ್ತು ಬಂತು ಇವಳಿಗೆ!” ಎಂದು ಅಮ್ಮ ಖುಷಿಪಟ್ಟಳು. ಸ್ಕೂಲಿನಲ್ಲಿ ಅವನು ಮೆಣಸಿಯ ಒಂಟಿಕಾಲಿನ ಕುಣಿತದ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಅವಳಾಗಿದ್ದರೆ ಪ್ರೇಯರ್ ಮುಗಿಯುವುದರೊಳಗೆ ಇಡೀ ಸ್ಕೂಲಿಗೆ ಹೇಳಿಬಿಡುತ್ತಿದ್ದಳು. ಅದು ಅವಳಿಗೇ ಗೊತ್ತಿತ್ತು.

ಹೀಗಿರುವಾಗ ಒಂದು ಸಂಜೆ ಸ್ಕೂಲಿನಿಂದ ಬಂದರೆ, ಅಜ್ಜಿ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ಆಫೀಸಿಗೆ ಹೋಗುವ ಮೊದಲು ಅಮ್ಮ ಅವಳಿಗಾಗಿ ಫ್ಲಾಸ್ಕಿಗೆ ಹಾಕಿಟ್ಟಿದ್ದ ಟೀಯನ್ನು ಹೂವಿನ ಕುಂಡಕ್ಕೆ ಸುರಿಯುತ್ತಿದ್ದಳು.

“ಗಿಡಕ್ಕೂ ಟೀ ಚಟ ಹತ್ತಿಸ್ತಿದ್ಯಾ ಅಜ್ಜಿ?”

ಅಜ್ಜಿ ಬೆಚ್ಚಿಬಿದ್ದಳು. “ಮೆತ್ತಗೆ ಮಾತಾಡೇ! ನಿಮ್ಮಮ್ಮಂಗೆ ಹೇಳಿಗೀಳೀಯ.”

“ಯಾಕೆ, ಚೆನ್ನಾಗಿಲ್ವಾ?”

“ಟೀ ಚೆನ್ನಾಗೇ ಇದೆ. ಕುಡಿದ್ರೆ ಎದುರುಮನೆಗೆ ಹೋಗ್ಬೇಕಲ್ಲ,” ಎಂದಳು ಅಜ್ಜಿ. “ಮೊನ್ನೆ ಹೋದಾಗ ಅವರ ಮನೇಲಿ ನೆಂಟರು ತುಂಬಿದ್ರು. ನಾನು ಟವೆಲ್ ಹಿಡ್ಕೊಂಡು ಒಳಗೆ ಬಂದ ಕೂಡ್ಲೆ ಮಾತು ನಿಲ್ಲಿಸಿ ನನ್ನೇ ನೋಡಿದ್ರು. ನನ್ನ ನಡಿಗೆ ನಿಂಗೊತ್ತಲ್ಲ. ಆ ಹಾಲ್ ದಾಟೋವರೆಗೂ ನೋಡ್ತಾನೇ ಇದ್ರು. ಸಾಕಪ್ಪ ಅನ್ನಿಸಿಬಿಡ್ತು.”

“ಅದಕ್ಕೆ ಏನೂ ಕುಡೀದೆ ಕೂತಿದ್ಯಾ?”

“ನಿಮ್ಮಪ್ಪ ಇನ್ನೆರಡೇ ದಿನ ಅಂದಿದ್ದಾನಲ್ಲ,” ಎಂದು ನಗುತ್ತಾ ಅಜ್ಜಿ ಎದ್ದಳು.

ಎದ್ದವಳು ಸರಿಯಾಗಿ ನಿಲ್ಲಲಿಲ್ಲ. ಕೈಯಲ್ಲಿದ್ದ ಫ್ಲಾಸ್ಕು ಬಿದ್ದು ಉರುಳಿತು. ಅಜ್ಜಿ ಕಂಬಿ ಹಿಡಿದುಕೊಂಡು ಮೆಲ್ಲಗೆ ಕುಸಿದು ಕೂತು ಕಣ್ಣು ಮುಚ್ಚಿದಳು.

“ಅಜ್ಜಿ! ಅಜ್ಜಿ!”

“ಏನಿಲ್ವೇ… ಸ್ವಲ್ಪ ತಲೆ ಸುತ್ತು, ಅಷ್ಟೆ.”

ಮೆಣಸಿ ಓಡಿಹೋಗಿ ಲೋಟದಲ್ಲಿ ನೀರು ತಂದು ಹಿಡಿದಳು. ಅಜ್ಜಿ ಹಟಮಾರಿ ಮಗುವಿನಂತೆ ತುಟಿ ಬಿಗಿದುಕೊಂಡಳು.

“ಕುಡಿ ಅಜ್ಜಿ! ನಾನೇ ಕರ್ಕೊಂಡು ಹೋಗ್ತೀನಿ ಎದುರುಮನೆಗೆ.”

“ನೀನಾ?” ಅಜ್ಜಿ ಒಂದು ಕಣ್ಣು ತೆರೆದಳು. “ನೀನೇ ಹೋಗ್ತಿಲ್ವಲ್ಲೇ. ನಂಗೇನು ಕಣ್ಣು ಕಾಣಲ್ವಾ? ನಿನ್ನ ಟವೆಲ್ ಒಣಗಿ ಹಪ್ಪಳ ಆಗಿದೆ.”

ಮೆಣಸಿ ಎದ್ದು ಹೊರಟಳು. ಸೋಪಿನ ಡಬ್ಬಿಯಿಂದ ಬಾಗಿಲು ಬಡಿಯುತ್ತಿದ್ದ ಕೈಗೆ ಈಗ ಬೆಲ್ ಒತ್ತುವುದೇ ಕಷ್ಟವಾಯಿತು. ಅಜ್ಜಿಯ ಮುಚ್ಚಿದ ಕಣ್ಣು ನೆನಪಾಗಿ ಒತ್ತಿಬಿಟ್ಟಳು.

ಬಾಗಿಲು ತೆಗೆದವನು ಅವನೇ. ಒಂದು ಕಾಲಿನ ಶೂ ಬಿಚ್ಚಿದ್ದ, ಇನ್ನೊಂದು ಕಾಲಲ್ಲೇ ಇತ್ತು. ಸ್ಕೂಲು ಬಿಟ್ಟು ಎಷ್ಟು ಹೊತ್ತಾಗಿತ್ತು! ಆದರೆ ಮೆಣಸಿ ಆ ಶೂ ಬಗ್ಗೆ ಚಕಾರವೆತ್ತಲಿಲ್ಲ.

“ನಮ್ಮಜ್ಜಿ ನಿಮ್ಮ ಬಾತ್‌ರೂಮಿಗೆ ಬರ್ಬೇಕು,” ಎಂದಳು ಒಂದೇ ಉಸಿರಿಗೆ. “ರಾತ್ರಿನೂ ಬರ್ತಾಳೆ. ನಾಳೆನೂ ಬರ್ತಾಳೆ. ನಾನೂ ಬರ್ತೀನಿ.”

ಅವನು ತಿರುಗಿ ಹಾಲ್ ಕಡೆ ಒಮ್ಮೆ ನೋಡಿದ. “ಅಮ್ಮ ಅಂಗಡಿಗೆ ಹೋಗಿದ್ದಾರೆ. ಇರು,” ಎಂದು ಒಳಗೆ ಹೋದ.

ಹೋದವನು ಬರಲೇ ಇಲ್ಲ. ಮೆಣಸಿ ಇಣುಕಿ ನೋಡಿದಳು. ಅವನು ದಾರಿಗೆ ಅಡ್ಡವಿದ್ದ ಕುರ್ಚಿಯನ್ನು ಸರಿಸಿದ. ಮಡಚಿಕೊಂಡಿದ್ದ ಮ್ಯಾಟ್ ಎತ್ತಿಟ್ಟ. ಬಾತ್‌ರೂಮಿನ ಒದ್ದೆ ನೆಲ ಒರೆಸಿ ಲೈಟ್ ಹಾಕಿದ. ಆಮೇಲೆ ಒಂದೇ ಶೂನಲ್ಲಿ ಅವಳ ಜೊತೆ ಬಂದು ಅಜ್ಜಿಗೆ ತನ್ನ ತೋಳು ಕೊಟ್ಟ.

ಅಜ್ಜಿ ಮೊದಲು ಅವನನ್ನು ನೋಡಿದಳು, ಆಮೇಲೆ ಮೆಣಸಿಯನ್ನು ನೋಡಿದಳು, ಆಮೇಲೆ ಲೋಟದ ನೀರನ್ನು ಗಟಗಟ ಕುಡಿದಳು.

ಮೂವರೂ ಹೊರಟರು. ಮೆಣಸಿ ಯಾವಾಗಿನ ಹಾಗೆ ಅಜ್ಜಿಯ ಇನ್ನೊಂದು ಕೈ ಹಿಡಿದು ಮುಂದೆ ಮುಂದೆ ನಡೆದಳು.

“ಎಳೀಬೇಡ್ವೇ,” ಎಂದಳು ಅಜ್ಜಿ.

ಆ ಕಡೆ ಅವನು ಎಳೆಯುತ್ತಿರಲಿಲ್ಲ. ಅಜ್ಜಿ ಒಂದು ಹೆಜ್ಜೆ ಇಟ್ಟರೆ ಅವನೂ ಒಂದು ಹೆಜ್ಜೆ ಇಡುತ್ತಿದ್ದ. ಅಜ್ಜಿ ಉಸಿರಿಗಾಗಿ ನಿಂತಾಗ, ತನಗೂ ಅಲ್ಲೇ ನಿಲ್ಲಬೇಕಿತ್ತು ಎಂಬಂತೆ ನಿಂತು, “ನಿಮ್ಮ ಟೈಲ್ಸ್ ಯಾವ ಕಲರ್ ಅಜ್ಜಿ?” ಎಂದು ಕೇಳಿದ. ಅಜ್ಜಿ ಆರಾಮಾಗಿ ಉತ್ತರ ಕೊಟ್ಟಳು. ನೋಡುವವರಿಗೆ ಅವಳು ಸುಸ್ತಾಗಿ ನಿಂತಿದ್ದಾಳೆ ಎಂದೇ ಅನ್ನಿಸುತ್ತಿರಲಿಲ್ಲ. ಇಬ್ಬರೂ ಮಾತಾಡಲು ನಿಂತ ಹಾಗಿತ್ತು.

ಅಜ್ಜಿಯ ಜೊತೆ ಹೀಗೂ ನಡೆಯಬಹುದು ಅಂತ ಮೆಣಸಿಗೆ ಗೊತ್ತೇ ಇರಲಿಲ್ಲ. ಅವಳು ಯಾವಾಗಲೂ ಮೊದಲೇ ಹೋಗಿ ಬಾಗಿಲಲ್ಲಿ ನಿಂತು, “ಬೇಗ ಬಾ ಅಜ್ಜಿ!” ಎಂದು ಕೂಗುವವಳು. ಅವಳು ಹಿಡಿತ ಸಡಿಲಿಸಿ, ಹೆಜ್ಜೆ ಚಿಕ್ಕದು ಮಾಡಿಕೊಂಡಳು.

ಅಜ್ಜಿ ಒಳಗೆ ಹೋದಳು. ಇಬ್ಬರೂ ಹೊರಗೆ ಉಳಿದರು. ಅವನು ನೆಲದ ಮೇಲೆ ಕೂತು ಇನ್ನೊಂದು ಶೂವಿನ ಲೇಸ್ ಬಿಚ್ಚತೊಡಗಿದ.

“ಅವತ್ತು ಆಟ ಅಂತ ಯಾಕೋ ಸುಳ್ಳು ಹೇಳ್ದೆ?” ಎಂದಳು ಮೆಣಸಿ.

ಅವನು ಗಂಟಿನಿಂದ ಕಣ್ಣು ತೆಗೆಯಲಿಲ್ಲ. “ಅಮ್ಮಂಗೆ ಗೊತ್ತಾದ್ರೆ ಬೇಜಾರಾಗುತ್ತೆ,” ಎಂದ. ಗಂಟನ್ನು ಇನ್ನೊಮ್ಮೆ ಎಳೆದು, “ಮನೇಲಿ ನನ್ನ ಯಾರೂ ಹಾಗೆ ಕರೆಯಲ್ಲ,” ಎಂದ.

ಶಾಲೆಯಲ್ಲಿ ಪಟಪಟ ಬರುವ ಮೆಣಸಿಯ ಮಾತು ಇಲ್ಲಿ ತುಂಬಾ ಚಿಕ್ಕದಾಗಿ ಹೊರಬಂತು. “ಸಾರಿ ಕಣೋ.”

“ಹೂಂ,” ಎಂದ ಅವನು. ಲೇಸಿನ ಗಂಟು ಇನ್ನೂ ಬಿಚ್ಚಿರಲಿಲ್ಲ. ಮೆಣಸಿಯ ಕೈ ತಾನಾಗಿಯೇ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು ಅವಳು ಅವನ ಪಕ್ಕ ಕೂತಳು.

ಮರುದಿನ ಬೆಳಗ್ಗೆ ಎದುರುಮನೆ ಬಾತ್‌ರೂಮಿನ ಬಾಗಿಲು ಮುಚ್ಚಿತ್ತು. ಒಳಗೆ ನಲ್ಲಿ ತನ್ನ ಪಾಡಿಗೆ ಸುರಿಯುತ್ತಿತ್ತು. ಹೊರಗೆ ಮೆಣಸಿ ಟವೆಲ್ ಹೊದ್ದು, ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಮಾಡುತ್ತಾ ನಿಂತಿದ್ದಳು. ಹಿಂದಿನ ರಾತ್ರಿ ಅಜ್ಜಿಯ ಜೊತೆ ಪೈಪೋಟಿಗೆ ಬಿದ್ದು ಅವಳೂ ಲೋಟಗಟ್ಟಲೆ ನೀರು ಕುಡಿದಿದ್ದಳು.

ಅಪ್ಪ ಆಕಳಿಸುತ್ತಾ ಬಂದು ಅವಳ ಹಿಂದೆ ನಿಂತ. “ಇನ್ನೆರಡೇ ದಿನ ಪುಟ್ಟಾ,” ಎಂದ ಅಭ್ಯಾಸಬಲದಿಂದ. ಆಮೇಲೆ ಮುಚ್ಚಿದ ಬಾಗಿಲು ನೋಡಿ ಕಣ್ಣು ಮಿಟುಕಿಸಿದ. “ಏನು, ಆಮೆ ಇನ್ನೂ ಒಳಗೇ ಇದ್ಯಾ?”

ಆ ಹೆಸರನ್ನು ಅಪ್ಪನಿಗೆ ಹೇಳಿಕೊಟ್ಟವಳೂ ಅವಳೇ. ಹೇಳಿದ ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮೆಣಸಿ ತಿರುಗಿ ಅಪ್ಪನನ್ನು ನೋಡಿದಳು.

“ಆಮೆ ಯಾರಪ್ಪಾ?” ಎಂದು ಕೇಳಿ, ಮತ್ತೆ ಬಾಗಿಲಿನ ಕಡೆ ತಿರುಗಿ, ಕಾಲು ಬದಲಿಸಿ ನಿಂತಳು.