ಅಣ್ಣನ ಮಾತ್ರೆ

ಕುರಿ ಹೊಡೆದುಕೊಂಡು ಹೊರಟಿದ್ದ ಜುಂಜಪ್ಪನ ಕಾಲು ಚಪ್ಪಲಿಯೊಳಗೆ ಹೋಗಲೊಲ್ಲದು! ಊದಿ ದಿಂಬಾಗಿತ್ತು. ಏದುಸಿರು ಬೇರೆ. ಹೆಂಡತಿ ಗಂಗಲಕ್ಷ್ಮಿ ನೋಡಿದ್ದೇ ತಡ, ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು... ಕೊನೆಗೆ ತಡೆಯಲಾರದೆ ಪಕ್ಕದ ಬೀದಿಯಲ್ಲಿದ್ದ ಗಂಡನ ಅಣ್ಣನ ಮನೆಗೆ ಓಡಿದಳು.

ಹೋದ ವರ್ಷ ಅಣ್ಣತಮ್ಮಂದಿರಿಬ್ಬರಿಗೂ ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಸರ್ಕಾರದ ಆರೋಗ್ಯ ಕಾರ್ಡು ಬಡವ ಬಲ್ಲಿದ ಎನ್ನಲಿಲ್ಲ, ನಿಜ. ಆದರೆ ಮನೆಗೆ ಬಂದಮೇಲೆ? ಪಿಂಚಣಿದಾರ ಅಣ್ಣ ಕದರಪ್ಪ ಮೇಷ್ಟ್ರು ಡಾಕ್ಟರು ಹೇಳಿದ ದಿನಕ್ಕೆ ತಪಾಸಣೆಗೆ ಹೋಗುತ್ತಿದ್ದರು. ಜುಂಜಪ್ಪ ಹೋದರೆ ಕುರಿ ಮೇಯಿಸುವವರು ಯಾರು? ಜೊತೆಗೆ ಹೋಗುವ ಗಂಗಲಕ್ಷ್ಮಿಯ ಕೂಲಿಯೂ ಖೋತಾ. ಅವನಿಗೆ ಬರೆದುಕೊಟ್ಟಿದ್ದ ಮಾತ್ರೆ ಮುಗಿದಾಗ ಮೇಷ್ಟ್ರೇ ದಾರಿ ಹುಡುಕಿದ್ದರು. "ಒಂದೇ ತಾಯಿ ಹಾಲು ಕುಡ್ದೋರು, ಒಂದೇ ಕಾಯ್ಲೆ. ನಂಗೆ ಬರ್ಕೊಟ್ಟಿದ್ನೇ ನಿಂಗೂ ತರ್ತೀನಿ ಬುಡು" ಎಂದು ತಮ್ಮ ಮಾತ್ರೆಯನ್ನೇ ಅವನಿಗೂ ತಂದು ಕೊಡುತ್ತಿದ್ದರು. ಆ ಪ್ರೀತಿಗೆ ಗಂಗಲಕ್ಷ್ಮಿ ಎರಡೂ ಕೈ ಮುಗಿದಿದ್ದಳಲ್ಲ, ಅಯ್ಯೋ!

ಮೇಷ್ಟ್ರು ಓಡಿಬಂದು ತಮ್ಮನ ಕಾಲು ನೋಡಿ, ದೊಡ್ಡಾಸ್ಪತ್ರೆಗೆ ಫೋನು ಮಾಡಿ ಊತವನ್ನೂ ಅವನು ನುಂಗುತ್ತಿದ್ದ ಮಾತ್ರೆಯ ಹೆಸರನ್ನೂ ಹೇಳಿದರು. ಅತ್ತಲಿಂದ ನರ್ಸಮ್ಮ ಗದರಿದ್ದು ಎಲ್ಲರಿಗೂ ಕೇಳಿಸಿತು. "ಅವ್ರ ಹೃದಯ ನಿಮ್ಮದಕ್ಕಿಂತ ವೀಕು. ಮೈಯಲ್ಲಿ ನೀರು ತುಂಬದಂಗೆ ಬೇರೆ ಮಾತ್ರೆ ಬರೆದಿದ್ವಿ. ನಿಲ್ಲಿಸ್ದೋರು ಯಾರ್ರೀ? ಈಗ್ಲೇ ಹತ್ರದ ಮಧುಗಿರಿ ಆಸ್ಪತ್ರೆಗಾದ್ರೂ ಸೇರಿಸಿ!"

ಮೇಷ್ಟ್ರು ಫೋನು ಕೆಳಗಿಟ್ಟು ಗಂಗಲಕ್ಷ್ಮಿಯತ್ತ ತಿರುಗಿ ಅತ್ತರು. "ನಾನೇ ಕಣಮ್ಮ... ಕೈಯಾರೆ ನನ್ನ ತಮ್ಮನ್ನ..."

"ಅಳಬ್ಯಾಡ ಕಣಣ್ಣ" ಎಂದು ಜುಂಜಪ್ಪ ಉಸಿರೆಳೆದುಕೊಂಡ. "ಕುರಿ ಹಸ್ಕೊಂಡವೆ. ನಾಳೆ ಹೋಗಾನ ಬುಡು."

"ನಾಳೆ ನಾಳೆ ಅಂತ್ಲೇ ವರ್ಸ ಆತು!" ಗಂಗಲಕ್ಷ್ಮಿ ಕಿರುಚಿದಳು. "ಕುರಿ ಸತ್ರೆ ಸಾಯ್ಲಿ, ನೀವು ಉಳೀರಿ!" ಅಂದಳೇ ಹೊರತು, ಅವುಗಳ ಅರಚಾಟ ಕೇಳಿ ಮತ್ತೆ ಮತ್ತೆ ಅತ್ತ ತಿರುಗಿ ನೋಡುತ್ತಿದ್ದಳು.

ಆಗ ಮುಂದೆ ಬಂದವಳು ಮೇಷ್ಟ್ರ ಹೆಂಡತಿ ಸರಸಮ್ಮ. ಕುರಿ ವಾಸನೆಗೆ ಮೂಗು ಮುಚ್ಚಿಕೊಂಡು ತಿರುಗುತ್ತಿದ್ದ ಆ ಬಿಂಕದ ಹೆಂಗಸು ಸೆರಗು ಸಿಕ್ಕಿಸಿ ಕೋಲೆತ್ತಿಕೊಂಡಳು.

"ನೀನು ಹೊರಡು ಗಂಗಾ. ಇನ್ಮೇಲೆ ತಪಾಸಣೆ ದಿನ ಕುರಿ ನನ್ನದು."

"ಅಕ್ಕಾ..." ಗಂಗಲಕ್ಷ್ಮಿ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಆಟೋ ಕರೆಯಲು ಓಡಿದಳು.

ಆಟೋ ಮಧುಗಿರಿ ದಾರಿಯ ಮಿಡಿಗೇಶಿ ದಾಟುವಾಗ ಜುಂಜಪ್ಪ ಕಣ್ಣು ತೆರೆದ. "ಕರಿ ಕುರಿ ಗಬ್ಬ ಐತೆ... ಓಡಿಸ್ಬ್ಯಾಡ ಅಂತ ಅತ್ತಿಗೆಗೆ ಹೇಳು..."

"ಬದುಕಿ ಬಂದು ನೀವೇ ಹೇಳಿ!" ಎಂದು ಬಿಕ್ಕುತ್ತ ಗಂಗಲಕ್ಷ್ಮಿ ಅವನನ್ನು ಎದೆಗೊರಗಿಸಿಕೊಂಡಳು, ಇನ್ನೂ ಜೋರಾಗಿ ಓಡಿಸೆಂದು ಆಟೋದವನನ್ನು ಬೇಡಿಕೊಂಡಳು.