ಕೋಟಮ್ಮ ಬೇಡವೆಂದ ಮನೆ

"ಪತ್ರಗಳೆಲ್ಲಾ ಸರಿಯಾಗಿವೆ. ಮನೆ ಮಾತ್ರ ತಗೋಬೇಡಿ."

ಇಷ್ಟು ಹೇಳಿ ವಕೀಲೆ ಕಡತವನ್ನು ಮುಚ್ಚಿ ಮೇಜಿನ ಈಚೆಗೆ ತಳ್ಳಿದಳು. ಊರಿನವರು ಅವಳನ್ನು ಕೋಟಮ್ಮ ಎನ್ನುತ್ತಿದ್ದರು. ಕೋರ್ಟಿಗೆ ಹೋಗಲಿ, ತರಕಾರಿಗೆ ಹೋಗಲಿ, ಮೊಣಕೈ ಸವೆದ ಆ ಕರೀ ಕೋಟು ಮೈಮೇಲೆ ಇರಲೇಬೇಕು. ದರ್ಜಿ ಅಂಗಡಿಯ ಮೇಲಿನ ಅವಳ ಕಚೇರಿಯಲ್ಲಿ ಕೆಳಗಿನ ಹೊಲಿಗೆ ಯಂತ್ರಗಳ ಗಡಗಡ ನೆಲದಿಂದ ಕಾಲಿಗೆ ಏರುತ್ತಿತ್ತು. ತೇವ ಹಿಡಿದ ಕಾಗದದ ವಾಸನೆ ಮೂಗಿಗೆ ಅಡರುತ್ತಿತ್ತು.

ಎದುರು ಕುಳಿತವನು ವಿಮಾ ಕಂಪನಿಯ ತನಿಖಾಧಿಕಾರಿ. ಸುಟ್ಟ ಅಂಗಡಿ, ಕಳುವಾದ ಒಡವೆ, ಸತ್ತ ಎಮ್ಮೆ, ಯಾವುದೇ ಇರಲಿ, ಜನ ಹೇಳಿದ್ದನ್ನು ನಂಬದೇ ಇರುವುದಕ್ಕೇ ಅವನಿಗೆ ಸಂಬಳ. ಹೆಂಡತಿ, ಪುಟ್ಟ ಮಗಳ ಜೊತೆ ಹೊಸದಾಗಿ ಈ ಊರಿಗೆ ವರ್ಗವಾಗಿ ಬಂದಿದ್ದ. ಊರು ನೋಡಿ ಮೂಗು ಮುರಿದಿದ್ದ, ಊರಿನವರನ್ನು ನೋಡಿ ಇನ್ನಷ್ಟು ಮುರಿದಿದ್ದ. ಮನೆ ಕೊಳ್ಳುವ ಮುಂಚೆ ಇಲ್ಲಿನವರೇ ಆದ ವಕೀಲರೊಬ್ಬರನ್ನು ಕೇಳೋಣವೆಂದು ಹೆಂಡತಿ ಗೋಗರೆದದ್ದಕ್ಕೆ ಬಂದಿದ್ದ. ಹೆಂಡತಿ ಪಕ್ಕದಲ್ಲೇ, ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು.

"ಯಾಕೆ ಬೇಡ? ಕಾರಣ ಹೇಳಿ," ಎಂದ.

"ಆ ಮನೆ ಕಟ್ಟಿಸಿದ್ದು ಈಗ ಮಾರ್ತಿರೋನ ಅಕ್ಕ. ಅಪ್ಪ ಅಮ್ಮ ಇಲ್ಲದ ತಮ್ಮನ್ನ ಎತ್ತಿ ಆಡಿಸಿ ಬೆಳೆಸಿದವಳು. ಮದುವೆಯಾದ ಮೇಲೆ ಅವನು ಏನೋ ನೆಪ ಹೇಳಿ ಅವಳ ಸಹಿ ತಗೊಂಡ. ಆಮೇಲೆ ಬೀದಿಗೆ ಹಾಕಿದ. ಅಕ್ಕ ಅಂತ ಯಾರೂ ಇಲ್ಲ ನನಗೆ ಅಂದ. ಅವಳು ಹೊಸಿಲ ಮೇಲೆ ಕೂತು ಮಾಡಬಾರದ ಮಾಟ ಮಾಡಿ ಹೋದಳು. ನಾನಾಗ ಎದುರುಮನೇಲಿದ್ದೆ, ಕಿವಿಯಾರೆ ಕೇಳಿದೀನಿ. ಈ ಮನೇನ ಯಾರು ನಂದು ಅಂತಾರೋ, ಅವರ ಮನೆಯವರೇ ಅವರನ್ನ ನಮ್ಮವರು ಅನ್ನದೇ ಹೋಗಲಿ, ಅಂದಳು. ತಮ್ಮ ಈಗ ಲಾಡ್ಜಲ್ಲಿದಾನೆ. ಹೆಂಡತಿ ಮಕ್ಕಳು ಇದೇ ಊರಲ್ಲಿದಾರೆ. ಅವನು ಎದುರಿಗೆ ಬಂದರೆ ದಾರಿ ಬಿಟ್ಟು ಹೋಗ್ತಾರೆ, ಯಾರೋ ಅನ್ನೋ ಹಾಗೆ."

ಹೆಂಡತಿಯ ಕೈ ತಟ್ಟನೆ ಅವನ ತೋಳನ್ನು ಹಿಡಿಯಿತು. ಅವನು ಅದನ್ನು ನೊಣ ಓಡಿಸುವಂತೆ ಸರಿಸಿದ.

"ಮಾಟ ಮಂತ್ರಕ್ಕೆ ಬೇರೆ ಫೀಸಾ, ಇಲ್ಲ ಇದರಲ್ಲೇ ಸೇರಿದೆಯಾ?"

ಕೋಟಮ್ಮ ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೇಳೋದು ನನ್ನ ಕೆಲಸ, ಹೇಳಿದೀನಿ. ನಿಮ್ಮ ತಲೆಗೆ ಹೋಗೋ ಹಾಗೆ ಮಾಡೋದು ಯಾವ ವಕೀಲನಿಂದಲೂ ಆಗಲ್ಲ. ಹೊರಡಿ."

ಮೆಟ್ಟಿಲಿಳಿಯುತ್ತಾ ಅವನು ನಕ್ಕ. "ನೋಡಿದ್ಯಾ ನೀನು ಹೇಳಿದ ಊರ ವಕೀಲೀನ? ಯಾವನೋ ನೆಂಟನಿಗೆ ಕಡಿಮೆಗೆ ಕೊಡಿಸಬೇಕು, ಅದಕ್ಕೀ ಕತೆ."

"ರೀ, ಇನ್ನೊಂದ್ಸಲ ಯೋಚನೆ..."

"ನೀನು ಯೋಚನೆ ಮಾಡೋ ದಿನ ಬಂದಾಗ ಹೇಳ್ತೀನಿ."

ಅವಳು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು. ಇಂಥ ಮಾತು ನುಂಗಿ ಅವಳಿಗೆ ಅಭ್ಯಾಸವಿತ್ತು.

ದೂರದ ದೊಡ್ಡ ನಗರದ ವಕೀಲರ ಕಂಪನಿಯೊಂದನ್ನು ಹಿಡಿದ. ಎಲ್ಲಾ ಫೋನಿನಲ್ಲೇ. ಜೇನು ಸುರಿಯುವ ಧ್ವನಿಯೊಂದು, "ಟೈಟಲ್ ಕ್ಲಿಯರ್ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ," ಎಂದಿತು. ಹೆಂಡತಿಯ ಹೆಸರನ್ನೂ ಸೇರಿಸುವುದೇ ಎಂದು ಕೇಳಿದಾಗ, "ಅವಳ್ಯಾಕೆ? ಮನೆ ನಂದು," ಎಂದ. ಕೂಡಿಟ್ಟದ್ದನ್ನೆಲ್ಲಾ ಅದಕ್ಕೇ ಸುರಿದ.

ನೋಂದಣಿ ಕಚೇರಿಯಲ್ಲಿ ಮಾರುವವನು ಹೆಬ್ಬೆರಳು ಒತ್ತಿದ. ಬಟ್ಟೆ ಅವನ ಮೈಮೇಲೆ ಗೂಟಕ್ಕೆ ಹಾಕಿದಂತೆ ತೂಗುತ್ತಿತ್ತು. ಒತ್ತಿದವನೇ ಹೊರಗೆ ಓಡಿ ಮೆಟ್ಟಿಲ ಮೇಲೆ ನಿಂತು ರಸ್ತೆಯ ಎರಡೂ ಕಡೆ ಕತ್ತು ಚಾಚತೊಡಗಿದ. ರಸ್ತೆಯಾಚೆ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತಳು. ಚೀಲ ಕೈಯಿಂದ ಜಾರಿ ಈರುಳ್ಳಿಗಳು ಉರುಳಿದವು.

"ಅಯ್ಯೋ, ರೀ! ಎಲ್ಲಿ ಹೋಗಿದ್ರಿ ಇಷ್ಟು ದಿನ? ಹೀಗೆ ಸೊರಗಿ ಹೋಗಿದೀರಲ್ರೀ!"

ಮಾರಿದವನು ಅಲ್ಲೇ ಕುಸಿದು ಕುಳಿತು ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ. ತನಿಖಾಧಿಕಾರಿ ಅವರಿಬ್ಬರನ್ನು ದಾಟಿ ಕಾರಿನತ್ತ ನಡೆದ. ಇಂಥ ನಾಟಕ ಅವನು ಎಷ್ಟು ನೋಡಿಲ್ಲ! ಬೆಂಕಿ ತಾವೇ ಹಚ್ಚಿ, ಬೂದಿಯ ಮುಂದೆ ಎದೆ ಬಡಿದುಕೊಂಡವರನ್ನು ಕಂಡವನು ಅವನು.

ಮನೆ ವಿಶಾಲವಾಗಿತ್ತು, ಆದರೆ ಹೊಸಿಲು ಬಿರುಕು ಬಿಟ್ಟಿತ್ತು. ಗಾರೆಯವನು ಅದನ್ನು ಕಿತ್ತಾಗ ಅಡಿಯಲ್ಲೊಂದು ಪುಟ್ಟ ಮಡಕೆ ಸಿಕ್ಕಿತು. ಬಾಯಿಗೆ ಕೂದಲನ್ನು ಹೆಣೆದು ಕಟ್ಟಿತ್ತು, ಉದ್ದನೆಯ ನರೆಗೂದಲು. ಗಾರೆಯವನು ಕರಣೆಯನ್ನು ಅಲ್ಲೇ ಬಿಟ್ಟು ಹಿಂದೆ ಸರಿದ.

"ಸಾರ್, ಮುಟ್ಟಬೇಡಿ. ಕೋಟಮ್ಮನ್ನ ಒಂದು ಮಾತು ಕೇಳಿ."

"ನಿಮ್ಮೂರಲ್ಲಿ ಮಡಕೆ ಒಡೆಯೋಕೂ ವಕೀಲರು ಬೇಕೇನಯ್ಯ?" ಎಂದು ಅವನು ಬೂಟುಗಾಲಿನಿಂದ ಒದ್ದ. ಮಡಕೆ ಚೂರಾಗಿ ಸುಟ್ಟ ಕೂದಲಿನ ವಾಸನೆ ಎದ್ದಿತು. ಒಳಗಿದ್ದದ್ದು ಒಂದು ಹಾಲುಹಲ್ಲು, ಎಳೆಮಗುವಿನ ಅಂಗಿಯ ತುಂಡು, ಒಂದಿಷ್ಟು ಬೂದಿ. ಎಲ್ಲವನ್ನೂ ಗುಡಿಸಿ ಕಸದ ಡಬ್ಬಕ್ಕೆ ಸುರಿದ. ಗಾರೆಯವನು ಕೂಲಿಯನ್ನೂ ಕೇಳದೆ ಹೋದ. ಕಸ ಹೋಯಿತು, ವಾಸನೆ ಹೋಗಲಿಲ್ಲ. ಸುಟ್ಟ ಕೂದಲಿನ ಆ ಕಮಟು ಹಾಸಿಗೆಯಲ್ಲಿ, ಹೊದಿಕೆಯಲ್ಲಿ, ಕುಡಿಯುವ ನೀರಿನಲ್ಲಿ ಬಂದು ಕುಳಿತಿತು.

ಮೊದಲು ಹೆಂಡತಿ ಊಟಕ್ಕೆ ತಟ್ಟೆ ಇಡುವಾಗ ಅವನದನ್ನು ಮರೆತಳು. "ತಲೆ ಎಲ್ಲಿಟ್ಟಿದೀಯ?" ಎಂದು ರೇಗಿದ. ಅವಳು ಬೆಚ್ಚಿ, ಅವನು ಆಗಷ್ಟೇ ಗೋಡೆಯಿಂದ ಇಳಿದು ಬಂದವನಂತೆ ನೋಡಿದಳು. ತನ್ನ ಸ್ವಂತ ತಮ್ಮನಿಗೆ ಫೋನು ಮಾಡಿದರೆ, "ರಾಂಗ್ ನಂಬರ್ ಸಾರ್," ಎಂದು ಇಟ್ಟುಬಿಟ್ಟ. ಶಾಲೆಯಲ್ಲಿ ಮನೆಯವರ ಚಿತ್ರ ಬರೆಯಲು ಹೇಳಿದ್ದರಂತೆ, ಮಗಳು ಅಮ್ಮನನ್ನೂ ತನ್ನನ್ನೂ ಬರೆದಿದ್ದಳು.

"ಅಪ್ಪ ಎಲ್ಲೇ?" ಎಂದ.

ಮಗಳು ಪೆನ್ಸಿಲ್ಲು ಕಚ್ಚುತ್ತಾ ತಲೆಯೆತ್ತಿದಳು. "ಯಾರಪ್ಪ?"

ಅವನು ನಗಲು ನೋಡಿದ. ಆಗಲಿಲ್ಲ.

ಸುಟ್ಟ ಗೋದಾಮೊಂದರ ತಪಾಸಣೆಗೆಂದು ಪರವೂರಿಗೆ ಹೋದವನು ಮುಸ್ಸಂಜೆಗೆ ಮರಳಿದ. ಬೀದಿಗೆ ಬೀದಿಯೇ ಕರೆಂಟಿಲ್ಲದೆ ಕಪ್ಪಾಗಿತ್ತು. ಬಾಗಿಲು ತಟ್ಟಿದ. ಹೆಂಡತಿ ಮೇಣದ ಬತ್ತಿ ಹಿಡಿದು, ಸರಪಳಿ ಹಾಕಿದ ಸಂದಿನಿಂದ ಇಣುಕಿದಳು.

"ಯಾರು ಬೇಕಿತ್ತು?"

"ಏನೇ ಇದು ಆಟ? ತೆಗಿ."

"ಯಾರ್ರೀ ನೀವು? ಮನೇಲಿ ಗಂಡಸರಿಲ್ಲ, ನಾಳೆ ಬನ್ನಿ."

"ನಾನೇ ಕಣೇ!" ಎಂದು ಅವನು ಬಾಗಿಲನ್ನು ಭುಜದಿಂದ ಗುದ್ದಿದ. ಒಳಗೆ ಮಗಳು ಚೀರಿದಳು. ಬೆಳಕು ಆರಿತು. ಅಕ್ಕಪಕ್ಕದವರು ಬ್ಯಾಟರಿ ಹಿಡಿದು ಓಡಿಬಂದರು. ಅವನು ಯಾರನ್ನು ಒಮ್ಮೆಯೂ ಮಾತಾಡಿಸಿರಲಿಲ್ಲವೋ ಅವರೆಲ್ಲರಿಗೂ ಅವನ ಗುರುತಿತ್ತು. "ಅಮ್ಮಾ, ನಿಮ್ಮ ಯಜಮಾನ್ರಲ್ವಾ ಇವರು?" ಎಂದು ಪಕ್ಕದ ಮನೆಯ ಇಸ್ತ್ರಿಯವನು ಕೇಳಿದ. ಹೆಂಡತಿ ಬ್ಯಾಟರಿಯ ಬೆಳಕಲ್ಲಿ ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಅವಳ ಕಣ್ಣು ಒಂದು ಗಳಿಗೆ ಒರೆಸಿದ ಹಲಗೆಯಂತೆ ಖಾಲಿಯಾಯಿತು.

"ಇವರನ್ನ ನಾನು ನೋಡೇ ಇಲ್ಲ," ಎಂದಳು. ಸುಳ್ಳು ಹಿಡಿಯುವುದೇ ಅವನ ಕಸುಬು. ಆ ಮಾತಿನಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ.

ಸುದ್ದಿ ತಿಳಿದು ಪಕ್ಕದ ಊರಿನಿಂದ ಅವಳ ಅಣ್ಣ ಕಾರಿನಲ್ಲಿ ಬಂದ. ತನಿಖಾಧಿಕಾರಿ ಅವನ ಕೈ ಹಿಡಿದುಕೊಂಡ. "ನೀವಾದ್ರೂ ಹೇಳಿ ಇವಳಿಗೆ!" ಅಣ್ಣ ಕೈ ಕೊಡವಿದ. "ಯಾರಯ್ಯ ನೀನು? ಇನ್ನೊಂದ್ಸಲ ನನ್ನ ತಂಗಿ ಮನೆ ಹತ್ರ ಕಾಣಿಸ್ಕೊಂಡ್ರೆ ಕಾಲು ಮುರೀತೀನಿ." ತಂಗಿಯನ್ನೂ ಅವಳ ಮಗಳನ್ನೂ ಕೂರಿಸಿಕೊಂಡು ಹೊರಟ. ಕಾರಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ನೆರೆಯವರು ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡರು.

ಅವನು ಒಳಗೆ ಹೋದ. ಬೇರೆಲ್ಲಿ ಹೋಗುವುದು? ಮನೆ ಅವನದು.

ಒಳಗೆ ಕತ್ತಲೆ ಕೈಗೆ ತಗಲುವಷ್ಟು ದಟ್ಟವಾಗಿತ್ತು. ನಗರದ ವಕೀಲರಿಗೆ ಫೋನು ಮಾಡಿದ, ತಡೆತಡೆದು ಎಲ್ಲಾ ಹೇಳಿದ. ಜೇನಿನ ಧ್ವನಿ, "ಸಾರ್, ಇದು ಟೈಟಲ್ ಸಮಸ್ಯೆ ಅಲ್ಲ, ಫ್ಯಾಮಿಲಿ ಮ್ಯಾಟರ್. ಅದಕ್ಕೆ ನಮ್ಮಲ್ಲಿ ಬೇರೆ ವಿಭಾಗ ಇದೆ," ಎಂದು ಫೋನು ಕಟ್ ಮಾಡಿತು.

ಆಗ ಕೇಳಿಸಿತು.

"ಅಪ್ಪಾ."

ಮಗಳ ಧ್ವನಿ. ಪಕ್ಕದ ಕೋಣೆಯಿಂದ. ಅವನು ಎದ್ದು ಓಡಿದ. ಕೋಣೆ ಖಾಲಿ.

"ಅಪ್ಪಾ." ಈಗ ಗೋಡೆಯೊಳಗಿನಿಂದ.

"ರೀ." ಅಡುಗೆಮನೆಯಿಂದ ಹೆಂಡತಿ. "ರೀ, ಊಟಕ್ಕೆ ಬನ್ನಿ." "ಅಣ್ಣಾ." ಅದು ಅವನ ತಮ್ಮ. ನೆಲದಡಿಯಿಂದ. ಅವರ ಬಾಯಿಂದ ಕಿತ್ತದ್ದನ್ನೆಲ್ಲಾ ಈ ಮನೆ ತನ್ನೊಳಗೆ ತುಂಬಿಕೊಂಡಿತ್ತು. ಗೋಡೆಗೆ ಕಿವಿ ಇಟ್ಟ. ಗೋಡೆ ಬೆಚ್ಚಗಿತ್ತು. ಉಸಿರಾಡುತ್ತಿತ್ತು. ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಇಳಿಯಿತು. ಕೆಮ್ಮಿದ. ಅಪ್ಪಾ. ರೀ. ಅಣ್ಣಾ. ಅಪ್ಪಾ. ಬಾಗಿಲೆಲ್ಲಿ? ಕೈ ಚಾಚಿದ. ಗೋಡೆ. ಮತ್ತೆ ಗೋಡೆ. ಬೆರಳಿಗೆ ಏನೋ ಸುತ್ತಿಕೊಂಡಿತು. ಎಳೆದ. ಕೂದಲು. ಎಳೆದಷ್ಟೂ ಬಂತು. ಉದ್ದ. ಒದ್ದೆ. ಅದರ ಇನ್ನೊಂದು ತುದಿ ಅಲುಗಿತು. ಯಾರೋ ತಲೆಯೆತ್ತಿದಂತೆ. ಕಿವಿಯ ಪಕ್ಕದಲ್ಲೇ ಮುದಿಧ್ವನಿಯೊಂದು, ಅಕ್ಕರೆಯಿಂದ ಕೇಳಿತು:

"ಯಾರದು ಮನೆ?"

ಅವನು ಬಾಯಿ ತೆರೆದ. ನಾಲಿಗೆ ತಾನಾಗಿ ಆಡಿತು. "ನಂದು."

ಮನೆ ನಕ್ಕಿತು. ಅವನು ಬಿದ್ದ, ಎದ್ದ, ತೆವಳಿದ. ಹೊಸಿಲು ಕಿತ್ತ ಜಾಗದ ಕಲ್ಲಿಗೆ ಮೊಣಕಾಲು ಬಡಿದು ಚರ್ಮ ಸುಲಿಯಿತು. ಬೀದಿಗೆ ಉರುಳಿದ.

ಬೆಳಕು ಹರಿದು ದರ್ಜಿ ಅಂಗಡಿಯ ಬಾಗಿಲು ತೆರೆಯುವಾಗ ಅವನು ಮೆಟ್ಟಿಲ ಮೇಲೆ ಕುಳಿತಿದ್ದ. ಕೋಟಮ್ಮ ಅವನನ್ನು ದಾಟಿ ಹತ್ತಿ, ಕಚೇರಿಯ ಬೀಗ ತೆಗೆದು, ಕುರ್ಚಿ ಒರೆಸಿದ ಮೇಲೆ, "ಬನ್ನಿ," ಎಂದಳು.

"ಮಾರಿಬಿಡ್ತೀನಿ," ಎಂದ ಅವನು. "ಯಾರಾದ್ರೂ ಸಿಗ್ತಾರೆ."

"ಸಿಗ್ತಾರೆ. ನಿಮ್ಮಂಥವನೇ ಒಬ್ಬ ಬರ್ತಾನೆ. ಅವನ ಮಕ್ಕಳ ಬಾಯಿಂದ ಅಪ್ಪ ಅನ್ನೋದನ್ನ ಕಿತ್ತು ನಿಮ್ಮ ಮಗಳ ಬಾಯಿಗೆ ಹಾಕಬೇಕು. ಆ ಪತ್ರ ನಾನು ಬರೆಯಲ್ಲ."

"ಮತ್ತೆ ಏನು ಮಾಡ್ಲಿ?"

"ತನ್ನವರು ಅಂತ ಯಾರೂ ಇಲ್ಲದವರಿಗೆ ಕೊಡಬೇಕು. ಮನುಷ್ಯರಲ್ಲಿ ಅಂಥವರು ಸಿಗಲ್ಲ, ಹುಡುಕಿದರೆ ಒಬ್ಬ ಚಿಕ್ಕಮ್ಮನಾದ್ರೂ ಇರ್ತಾಳೆ. ಊರಿನ ನೀರು ಸರಬರಾಜು ಮಂಡಳಿಗೆ ದಾನ ಬರೀರಿ. ಕಾನೂನಿನ ಕಣ್ಣಲ್ಲಿ ಅದೂ ಒಬ್ಬ ವ್ಯಕ್ತಿ. ಅದಕ್ಕೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಭಾವಮೈದುನ ಮೊದಲೇ ಇಲ್ಲ. ಪೈಪು ತುಂಬಿಡೋಕೆ ಜಾಗ ಹುಡುಕ್ತಿದಾರೆ."

"ದಾನ? ಬಿಡಿಗಾಸೂ ಇಲ್ಲದೆ?"

"ನಿಮಗೆ ಮನೆ ಮಾರಿದ ಆ ತಮ್ಮನಿಗೂ ಇದೇ ಹೇಳಿದ್ದೆ. ಅವನಿಗೆ ದುಡ್ಡಿನ ಮೇಲೆ ಆಸೆ ಹೋಗಲಿಲ್ಲ, ನೀವು ಬರೋ ತನಕ ಲಾಡ್ಜಲ್ಲಿ ಕೊಳೆತ. ನೀವೂ ಕೊಳೀಬಹುದು, ನನಗೇನು!"

ಕೆಳಗೆ ಯಂತ್ರಗಳು ಗಡಗಡಿಸತೊಡಗಿದವು. ಕೊನೆಗೆ ಅವನು ಪೆನ್ನಿಗಾಗಿ ಕೈ ಚಾಚಿದ. ಕೋಟಮ್ಮ ಕಾಗದವನ್ನು ಅವನತ್ತ ತಳ್ಳಿದಳು.

ಮಂಡಳಿಯವರು ಒಪ್ಪಿ, ದಾನಪತ್ರ ನೋಂದಣಿಯಾದ ಮಧ್ಯಾಹ್ನವೇ ಅವನ ತಮ್ಮನ ಫೋನು ಬಂತು. "ಅಣ್ಣಾ, ಎಲ್ಲಿದೀಯ? ಯಾಕೋ ನಿನ್ನ ನೆನಪೇ ಆಗಿರಲಿಲ್ಲ ಕಣೋ." ಅವನು ನೋಂದಣಿ ಕಚೇರಿಯ ಗೋಡೆಗೊರಗಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಆಮೇಲೆ ಕಾರನ್ನು ಓಡಿಸಿದ ರಭಸಕ್ಕೆ ದಾರಿಯಲ್ಲಿ ಹೋಗುವವರು ಬೈದರು.

ಹೆಂಡತಿಯ ಅಣ್ಣನ ಮನೆಯ ಬಾಗಿಲು ತೆರೆದೇ ಇತ್ತು. ಮಗಳು ಅಂಗಳದಲ್ಲಿ ಹಗ್ಗ ಜಿಗಿಯುತ್ತಿದ್ದವಳು ಅವನನ್ನು ಕಂಡು ಹಗ್ಗ ಬಿಸಾಡಿದಳು.

"ಅಪ್ಪಾ!"

ಅವನು ಮಂಡಿಯೂರಿ ಅವಳನ್ನು ತಬ್ಬಿಕೊಂಡ. ಧ್ವನಿ ಬಂದದ್ದು ಗೋಡೆಯಿಂದಲ್ಲ, ಬಿಸಿಯುಸಿರಿನ ಪುಟ್ಟ ಬಾಯಿಯಿಂದ. ತಲೆಯೆತ್ತಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಖಾಲಿಯಾಗಿರಲಿಲ್ಲ.

"ನೆನಪಾಯ್ತಾ?" ಎಂದ ಅವನು. "ನಾನು ಯಾರು ಅಂತ ನೆನಪಾಯ್ತಾ?"

"ಮಧ್ಯಾಹ್ನ ಬಟ್ಟೆ ಮಡಚ್ತಾ ಇದ್ದೆ. ಎಲ್ಲಾ ಒಟ್ಟಿಗೆ ನೆನಪಾಯ್ತು." ಅವಳ ಧ್ವನಿ ಮೆತ್ತಗಿತ್ತು. "ಮದುವೆಯಾದಾಗಿಂದ ಆಡಿದ ಒಂದೊಂದು ಮಾತೂ."

"ಮನೆ ಹೋಯ್ತು. ಕೊಟ್ಟುಬಿಟ್ಟೆ. ನಿಮಗೋಸ್ಕರ. ಅದು ಮಾಟ ಕಣೇ, ನಿಜವಾಗ್ಲೂ ಮಾಟ. ನಡಿ, ಹೋಗೋಣ."

ಅವಳು ಬಂದು ಮಗಳ ಕೈ ಹಿಡಿದು ಮೆಲ್ಲಗೆ ತನ್ನ ಕಡೆಗೆ ಸೆಳೆದುಕೊಂಡಳು.

"ಭಾನುವಾರ ಬಂದು ಇವಳನ್ನ ನೋಡ್ಕೊಂಡು ಹೋಗಿ, ಬೇಡ ಅನ್ನಲ್ಲ. ನಾನು ಬರಲ್ಲ. ನೀವ್ಯಾರೋ ಗೊತ್ತಿಲ್ಲದೆ ಇದ್ದ ಆ ದಿನಗಳಲ್ಲಿ ನಾನು ಹೊಟ್ಟೆ ತುಂಬ ಊಟ ಮಾಡಿದೆ ರೀ. ಕಣ್ತುಂಬ ನಿದ್ದೆ ಮಾಡಿದೆ."

"ಅದು ನೀನಲ್ಲ! ಅವಳು, ಆ ಮುದುಕಿ ಮಾಡಿಸಿದ್ದು!"

"ಮರೆತಿದ್ದು ಅವಳು ಮಾಡಿಸಿದ್ದು," ಎಂದಳು ಹೆಂಡತಿ. "ನೆನಪಾದ ಮೇಲೆ ಬೇಡ ಅಂತಿರೋದು ನಾನು."

ಅವಳು ಮಗಳನ್ನು ಒಳಗೆ ಕರೆದುಕೊಂಡು ಹೋದಳು. ಅಗುಳಿ ಬೀಳುವ ಸದ್ದು ಕೇಳಿಸಿತು.