ಬಾಯಾರಿದ ಪಾಯ

"ಏನ್ ಬೇಕಾದ್ರೂ ಅಳತೆ ತಗೊಳ್ಳಿ ಸಾರ್. ಆ ಮಣ್ಣಿಗೆ ಮಾತ್ರ ನೀರು ಹಾಕ್ಬೇಡಿ."

ಕೊರಳಿಗೆ ಟೇಪು ಜೋತುಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ ಇಷ್ಟನ್ನೂ ಪಿಸುದನಿಯಲ್ಲೇ ಹೇಳಿದಳು. ಕುಸಿಯುತ್ತಿದ್ದ ಅವಳ ಮನೆಯನ್ನು ಪರೀಕ್ಷಿಸಲು ಬಂದ ಎಂಜಿನಿಯರ್ ಆ ಊರಿಗೆ ಹೊಸಬ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ನೀರು ಹಾಕಿದರೆ ಮಣ್ಣಿಗೆ ನೆಗಡಿಯಾಗುತ್ತದೆಯೇ ಎಂದು ಕೇಳಿದ. ಅವಳು ನಗಲಿಲ್ಲ. ಮನೆ ಉಳಿಸಿಕೊಡಿ ಎಂದೂ ಬೇಡಲಿಲ್ಲ. ಇನ್ನೆಷ್ಟು ದಿನ ನಿಂತೀತು ಎಂದು ತಿಳಿದರೆ ಸಾಕು, ಅಷ್ಟರೊಳಗೆ ಹೊಲಿಗೆ ಮಿಷನ್ನು ಬೇರೆಡೆಗೆ ಸಾಗಿಸುತ್ತೇನೆ ಎಂದಳು.

ಹಿಂದಿನ ಕೋಣೆ ಹಾಡಹಗಲೇ ಕತ್ತಲೆ. ಗೋಡೆ ವಾಲಿ, ಕಿಟಕಿಯ ಚೌಕಟ್ಟು ಸೊಟ್ಟಗಾಗಿ, ಕದಗಳು ಕಚ್ಚಿಕೊಂಡುಬಿಟ್ಟಿದ್ದವು. ಟಾರ್ಚಿನ ಬೆಳಕಿಗೆ ಬಿರುಕು ಕಂಡಿತು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುತ್ತ, ಮೇಲೆ ಹೋದಂತೆ ಅಗಲವಾಗಿತ್ತು. ಒಳಗೆ ಧೂಳಿಲ್ಲ, ಜೇಡರ ಬಲೆಯಿಲ್ಲ, ಅಂಚು ಹರಿತ. ಅಂದರೆ ಬಿರುಕು ಹೊಸದು, ಇನ್ನೂ ಬಾಯಿ ಬಿಡುತ್ತಿರುವುದು. ನೆಲಕ್ಕೆ ಗೋಲಿ ಬಿಟ್ಟ. ಅದು ಮೂಲೆಗೆ ಓಡಿತು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿದ. ಗೋಡೆ ಕೂದಲೆಳೆಯಷ್ಟು ಕದಲಿದರೂ ಗಾಜು ಒಡೆದು ಚಾಡಿ ಹೇಳುತ್ತದೆ.

ಹೊರಗೆ ಆ ಮೂಲೆಯ ಪಾಯದ ಪಕ್ಕ ಮೊದಲೇ ಗುಂಡಿ ತೋಡಿಸಿದ್ದ. ಇಳಿದು ನೋಡಿದರೆ ಕಪ್ಪು ಜೇಡಿ, ಒಣಗಿ ಒಣಗಿ ಪಾಯದ ಕಲ್ಲಿನಿಂದ ಹಿಂದೆ ಸರಿದಿತ್ತು. ಜೇಡಿ ಒಣಗಿದರೆ ಕುಗ್ಗುತ್ತದೆ, ನೀರು ಕುಡಿದರೆ ಉಬ್ಬುತ್ತದೆ, ಇದಕ್ಕೆ ಮಾಟಮಂತ್ರದ ಭಯವೇಕೆ ಎಂದುಕೊಂಡ. ಸುತ್ತ ಒಂದು ಮರವಿಲ್ಲ, ಬೇರಿಲ್ಲ. ಇಷ್ಟು ಒಣಗಿದ್ದೇಕೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

"ಪಾಪ, ಬಾಯಾರಿದೆ. ಕುಡೀಲಿ ಬಿಡಿ," ಎಂದು ನಗುತ್ತ ಕೈಲಿದ್ದ ನೀರಿನ ಬಾಟಲಿ ಬೋರಲು ಹಾಕಿದ.

ಗುಟುಕ್ ಎಂದಿತು ನೆಲ. ಗಂಟಲಿನಿಂದ ಇಳಿದಂಥ ಸದ್ದು. ಹಸಿಮಣ್ಣಿನ ಘಮ ಬರಬೇಕಿತ್ತು. ಬಂದದ್ದು ಬಹುದಿನ ಮುಚ್ಚಿದ್ದ ಬಾಯಿಯ ನಾತ. ಮೇಲೆ ನಿಂತಿದ್ದ ಟೈಲರಮ್ಮ ಒಳಗೆ ಓಡಿದಳು.

ಅಂದು ಸಂಜೆಯೇ ಅವನಿಗೆ ದಾಹ ಹತ್ತಿಕೊಂಡಿತು. ಹೆಂಡತಿ ಹಸುಗೂಸಿನೊಂದಿಗೆ ತವರಿನಲ್ಲಿದ್ದಳು. ಒಬ್ಬನೇ ನಲ್ಲಿಗೆ ಬಾಯಿಟ್ಟು ಕುಡಿದ, ಚೊಂಬುಗಟ್ಟಲೆ ಕುಡಿದ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ತುಟಿ ಬಿರಿಯಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಏನೂ ಕಾಣದೆ ತಲೆ ಕೆರೆದುಕೊಂಡರು. ವಾರ ಕಳೆಯುವಷ್ಟರಲ್ಲಿ ಅವನ ಕಣ್ಣಿನಲ್ಲಿ ಪಸೆಯಿರಲಿಲ್ಲ. ಹೆಂಡತಿ ಫೋನು ಮಾಡಿದಾಗ ನಾಲಿಗೆ ಏಳದೆ ಬರೀ ಗಾಳಿ ಹೊರಟಿತು. ಅವಳು ಗಾಬರಿಯಿಂದ ಈಗಲೇ ಹೊರಟೆ ಎಂದಳು.

ಅವನು ಬಿದ್ದಂಬೀಳ ಟೈಲರಮ್ಮನ ಮನೆಗೆ ಓಡಿದ. ಹಿಂದಿನ ಕೋಣೆಯ ಕಿಟಕಿ ಸಲೀಸಾಗಿ ತೆರೆದಿತ್ತು, ಒಳಗೆಲ್ಲ ಬಿಸಿಲು. ಬಿರುಕು ಕೂಡಿಕೊಂಡಿತ್ತು. ಗೋಡೆ ಹಿಂದಕ್ಕೆ ಸರಿದ ರಭಸಕ್ಕೆ ಗಾಜು ಪುಡಿಯಾಗಿತ್ತು. ಅವನು ಒಣಗಿದಷ್ಟೂ ಮನೆ ನೆಟ್ಟಗಾಗಿತ್ತು.

ಟೈಲರಮ್ಮ ದೂರವೇ ನಿಂತು ಎಲ್ಲ ಹೇಳಿದಳು. ಅವಳ ಮಾವ ಪಾಯ ತೋಡಿಸುವಾಗ ಗುಂಡಿಯಲ್ಲಿದ್ದ ಆಳು ನೀರು ಕೇಳಿದ್ದನಂತೆ. ಕೆಲಸ ಮುಗಿಸಿ ಕುಡಿ ಎಂದಿದ್ದನಂತೆ ಮಾವ. ಆಳು ಮಂತ್ರ ಬಲ್ಲವನು. ಒಣ ನಾಲಿಗೆ ಕಚ್ಚಿ ನೆತ್ತರನ್ನು ಮಣ್ಣಿಗೆ ಉಗಿದು, ತನ್ನ ದಾಹವನ್ನು ಅಲ್ಲೇ ಹೂತು ಮೇಲೆ ಬಂದನಂತೆ. ಅಂದಿನಿಂದ ಆ ಮಣ್ಣಿಗೆ ನೀರು ಕೊಟ್ಟವರನ್ನು ಅದು ಹೀರುತ್ತದೆ, ಹೀರಲು ಯಾರೂ ಸಿಗದಾಗ ಮತ್ತೆ ಒಣಗುತ್ತದೆ. ಮನೆ ಉಳಿಸಲು ಹೋಗಿ ಅವಳ ಗಂಡನೂ ನೀರು ಹಾಕಿದ್ದ.

ಬಿಡುಗಡೆಯಿಲ್ಲವೇ ಎಂದು ಅವನು ಕೈಸನ್ನೆಯಲ್ಲೇ ಕೇಳಿದ.

"ಬೇರೆಯವ್ರು ಕೈಯಾರೆ ಕುಡಿಸಿದ್ರೆ ನಿಮ್ಮ ದಾಹ ಹೋಗುತ್ತೆ. ಕೊಟ್ಟವ್ರಿಗೆ ಅಂಟ್ಕೊಳ್ಳುತ್ತೆ." ಅವಳು ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಲೋಟ ಹಿಡ್ಕೊಂಡು ಎದುರಿಗೇ ಕೂತಿದ್ದೆ. ನಮ್ಮೆಜಮಾನ್ರು ಹಲ್ಲು ಕಚ್ಕೊಂಡೇ ಹೋದ್ರು."

ಹೆಂಡತಿ ಮನೆ ಸೇರಿಬಿಟ್ಟರೆ? ಎದೆಹಾಲು ಕುಡಿಯುವ ಕೂಸು! ಓಡಿದ. ಬೀದಿ ತೂಗಾಡಿತು. ಬಿದ್ದ. ಎದ್ದ. ಬಾಗಿಲು ತೆರೆದೇ ಇತ್ತು.

ಅವಳು ಬಂದಿದ್ದಳು. ಹೆಗಲ ಮೇಲೆ ಕೂಸು. ಅವನ ಬಾಯಿ ನೋಡಿದವಳೇ ಅಡುಗೆಮನೆಗೆ ಧಾವಿಸಿ ಲೋಟ ತಂದಳು. ಅವನು ತಲೆ ಆಡಿಸಿದ. ಹಿಂದೆ ಸರಿದ. ಬೆನ್ನಿಗೆ ಗೋಡೆ. ಬೇಡ ಎನ್ನಲು ನಾಲಿಗೆಯಿಲ್ಲ. ನೀರಿಗೆ ವಾಸನೆಯಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಹಲ್ಲು ಕಚ್ಚಿದ. ಲೋಟ ತುಟಿಗೆ ತಾಗಿತು. ತಂಪು. ಒಂದು ಹನಿ.

ಬಾಯಿ ತೆರೆದ.

ಕೊನೆಯ ತೊಟ್ಟಿನವರೆಗೂ ಕುಡಿದ. ಗಂಟಲು ನೆನೆಯಿತು. ಕಣ್ಣು ಒದ್ದೆಯಾಯಿತು. ಬಹಳ ದಿನಗಳ ಮೇಲೆ ಅವನಿಗೆ ಅಳಲು ಬಂತು. ಅವನು ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತ.

ಅವಳು ಕೂತು ಕೂಸಿಗೆ ಹಾಲು ಕೊಟ್ಟಳು. ಅದು ಚೀಪಿತು, ಬಿಟ್ಟಿತು, ಮತ್ತೆ ಚೀಪಿತು, ಕಿರುಚತೊಡಗಿತು. ಅವಳು ತುಟಿ ಸವರಿಕೊಂಡಳು. "ನಂಗೂ ಯಾಕೋ ಬಾಯಾರ್ತಿದೆ ಕಣ್ರೀ. ಒಂದ್ ಲೋಟ ಕೊಡಿ."

ಅವನು ಲೋಟ ತುಂಬಿ ತಂದ. ಅವಳು ಕೈ ಚಾಚಿದಳು. ಅವನ ಕೈಯೂ ಅರ್ಧದವರೆಗೆ ಚಾಚಿತು, ನಿಂತಿತು. ಲೋಟವನ್ನು ನೆಲದ ಮೇಲಿಟ್ಟು ದೂರ ಸರಿದ.

"ನೀನೇ ತಗೊಂಡು ಕುಡಿ," ಎಂದ.